ಬೂದಿಯೊಳಗಿನ ಕೆಂಡವಲ್ಲ: ಎಚ್‌ಐವಿ ಅಡಗುವಿಕೆಯ ಅರಿವು ಬೆಳೆದ ಬಗೆ

ಎಚ್‌ಐವಿ ಚಿಕಿತ್ಸೆಯ ಚರಿತ್ರೆಯಲ್ಲಿ 1997 ವಿಚಿತ್ರವಾದ ವರ್ಷ. ಮೇ ತಿಂಗಳಲ್ಲಿ ಅಲನ್ ಪೆರೆಲ್ಸನ್, ಡೇವಿಡ್ ಹೋ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಒಂದು ಲೆಕ್ಕ ಮುಂದಿಟ್ಟರು: ವೈರಸ್ಸಿನ ವೃದ್ಧಿಯನ್ನು ಪೂರ್ತಿಯಾಗಿ ತಡೆಯುವ ಔಷಧಗಳನ್ನು 2.3ರಿಂದ 3.1 ವರ್ಷ ಬಿಡದೆ ಕೊಟ್ಟರೆ ದೇಹ ಸೋಂಕಿನಿಂದ ಮುಕ್ತವಾಗಬಹುದು. ಕಣ್ಣಿಗೆ ಬೀಳದ ಅಡಗುತಾಣಗಳಿದ್ದರೆ ಅವಧಿ ಹೆಚ್ಚಬಹುದೆಂಬ ಎಚ್ಚರಿಕೆಯನ್ನೂ ಅವರೇ ಸೇರಿಸಿದ್ದರು; ಎಚ್ಚರಿಕೆಗಿಂತ ಅಂಕಿಗೆ ಹೆಚ್ಚು ಮನ್ನಣೆ ಸಿಕ್ಕಿತು. ಅದೇ ನವೆಂಬರ್ ಹೊತ್ತಿಗೆ ರಾಬರ್ಟ್ ಸಿಲಿಸಿಯಾನೊ, ಡಗ್ಲಸ್ ರಿಚ್‌ಮನ್, ಆಂಟನಿ ಫೌಚಿ ಅವರ ಮೂರು ತಂಡಗಳು ಪ್ರತ್ಯೇಕವಾಗಿ ಒಂದೇ ಸಂಗತಿಯನ್ನು ವರದಿ ಮಾಡಿದವು. ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾದವರ ರೋಗನಿರೋಧಕ ವ್ಯವಸ್ಥೆಯ ವಿಶ್ರಾಂತ ಸಿಡಿ4 ಕೋಶಗಳನ್ನು ಹೊರತೆಗೆದು ಪ್ರಚೋದಿಸಿದರೆ, ಸೋಂಕು ಹರಡಬಲ್ಲ ವೈರಸ್ ಮತ್ತೆ ಹೊರಬರುತ್ತಿತ್ತು. ಈ ತಿರುವನ್ನು ಔಷಧ ಸೋತ ಕಥೆಯಾಗಿ ಹೇಳುವ ರೂಢಿಯಿದೆ. ಔಷಧಕ್ಕೆ ವಹಿಸದ ಕೆಲಸವನ್ನು ಅದರಿಂದ ನಿರೀಕ್ಷಿಸಿದ್ದೇ ಇಲ್ಲಿನ ತಪ್ಪು ಎಂಬುದು ಈ ಲೇಖನದ ವಾದ. ಆ ತಪ್ಪನ್ನು ತಪ್ಪಿಸಬಲ್ಲ ತಿಳಿವಳಿಕೆ ಎಚ್‌ಐವಿ ಪತ್ತೆಯಾಗುವುದಕ್ಕೆ ಸುಮಾರು ಎರಡು ದಶಕ ಮೊದಲೇ ಇತ್ತು.

ಆ ತಿಳಿವಳಿಕೆ ಬಂದದ್ದು ಕೋಳಿಗಳ ಗಂತಿಯಿಂದ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೊವಾರ್ಡ್ ಟೆಮಿನ್ 1960ರ ದಶಕದ ಆರಂಭದಲ್ಲಿ ರೌಸ್ ಸಾರ್ಕೋಮಾ ವೈರಸ್ಸನ್ನು ಅಭ್ಯಸಿಸುತ್ತಿದ್ದಾಗ, ಸೋಂಕಿತ ಕೋಶ ಒಡೆದು ಎರಡಾದಾಗ ಎರಡು ಮರಿಕೋಶಗಳಲ್ಲೂ ವೈರಸ್ಸಿನ ಗುಣ ಉಳಿಯುವುದನ್ನು ಗಮನಿಸಿದರು. ವೈರಸ್ಸಿನದು ಆರ್‌ಎನ್‌ಎ. ಆದರೂ ಡಿಎನ್‌ಎಯಿಂದ ಆರ್‌ಎನ್‌ಎ ತಯಾರಾಗುವುದನ್ನು ತಡೆಯುವ ಆಕ್ಟಿನೊಮೈಸಿನ್ ಡಿ ಕೊಟ್ಟರೆ ಹೊಸ ವೈರಸ್ ಹುಟ್ಟುವುದು ನಿಲ್ಲುತ್ತಿತ್ತು. ಹಾಗಾದರೆ ವೈರಸ್ ಯಾವುದೋ ಹಂತದಲ್ಲಿ ಡಿಎನ್‌ಎ ರೂಪ ತಳೆದು ಕೋಶದ ವಂಶವಾಹಿಗಳ ನಡುವೆ ಸೇರಿಕೊಳ್ಳುತ್ತಿರಬೇಕು ಎಂದು 1964ರಲ್ಲಿ ಟೆಮಿನ್ ಸೂಚಿಸಿದರು. ಅಂಥ ರೂಪಕ್ಕೆ ‘ಪ್ರೊವೈರಸ್’ ಎಂದು ಹೆಸರು. ಹೆಚ್ಚಿನವರು ನಂಬಲಿಲ್ಲ. 1970ರಲ್ಲಿ ಟೆಮಿನ್ ಮತ್ತು ಸತೋಶಿ ಮಿಜುತಾನಿ ಒಂದು ಕಡೆ, ಡೇವಿಡ್ ಬಾಲ್ಟಿಮೋರ್ ಇನ್ನೊಂದು ಕಡೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವವನ್ನು ಕಂಡುಹಿಡಿದ ಮೇಲೆ ನಂಬದೆ ದಾರಿಯಿರಲಿಲ್ಲ. ಈಗ ಎಚ್‌ಐವಿ ಔಷಧಗಳ ಪಟ್ಟಿಯನ್ನು ಈ ಬೆಳಕಿನಲ್ಲಿ ಓದಿ ನೋಡಬೇಕು. 1987ರಲ್ಲಿ ಬಂದ ಎಜಡ್‌ಟಿ ಆರ್‌ಎನ್‌ಎ ಡಿಎನ್‌ಎ ಆಗುವುದನ್ನು ತಡೆಯುತ್ತದೆ. ಇಂಟಿಗ್ರೇಸ್ ತಡೆಗಳು ಆ ಡಿಎನ್‌ಎ ವರ್ಣತಂತುವಿಗೆ ಬೆಸೆದುಕೊಳ್ಳದಂತೆ ಮಾಡುತ್ತವೆ. ಪ್ರೋಟಿಯೇಸ್ ತಡೆಗಳು ಹೊರಬಂದ ವೈರಸ್ ಬಲಿಯದಂತೆ ನೋಡಿಕೊಳ್ಳುತ್ತವೆ. ಒಂದು ಕೋಶದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಇವೆಲ್ಲ ಮುಚ್ಚುತ್ತವೆ. ಈಗಾಗಲೇ ಬೆಸೆದುಕೊಂಡಿರುವ ಸುಮಾರು 9,700 ಅಕ್ಷರಗಳ ಆ ತುಣುಕನ್ನು ಮುಟ್ಟುವ ಔಷಧ ಪಟ್ಟಿಯಲ್ಲಿ ಒಂದೂ ಇಲ್ಲ.

ಇಷ್ಟು ಸರಳವಾದದ್ದು ಕಾಣದೆ ಹೋದದ್ದೇಕೆ? ಎಣಿಕೆ ನಡೆಯುತ್ತಿದ್ದದ್ದು ರಕ್ತದ ಪ್ಲಾಸ್ಮಾದಲ್ಲಿ. 1995ರ ಜನವರಿಯಲ್ಲಿ ಹೋ ಮತ್ತು ಜಾರ್ಜ್ ಶಾ ತಂಡಗಳು ತೋರಿಸಿದಂತೆ, ವೈರಸ್ ಉತ್ಪಾದಿಸುವ ಕೋಶಗಳು ಎರಡೇ ದಿನಗಳಲ್ಲಿ ಅರ್ಧಕ್ಕಿಳಿಯುತ್ತವೆ. ಸಾಯುವ ಕೋಶಗಳ ಲೆಕ್ಕ ಚೊಕ್ಕವಾಗಿತ್ತು; ಸಾಯದವು ಅದರೊಳಗೆ ಬರಲಿಲ್ಲ. ಸಿಡಿ4 ಕೋಶಗಳಲ್ಲಿ ಕೆಲವು ಹೋರಾಟ ಮುಗಿಸಿ ಮೆಮೊರಿ ಕೋಶಗಳಾಗಿ ವರ್ಷಾನುಗಟ್ಟಲೆ ಬದುಕುತ್ತವೆ. ಹಳೆಯ ರೋಗಾಣುವನ್ನು ನೆನಪಿಡುವುದೇ ಅವುಗಳ ಕೆಲಸ. ವಿಶ್ರಾಂತಿಗೆ ಜಾರುತ್ತಿರುವ ಕೋಶಕ್ಕೆ ಸೋಂಕು ತಗುಲಿದರೆ ಪ್ರೊವೈರಸ್ಸೂ ಅದರ ಜೊತೆ ಮಲಗುತ್ತದೆ. ಅದನ್ನು ಎಬ್ಬಿಸುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ವಿಶ್ರಾಂತ ಕೋಶದಲ್ಲಿ ಬೀಜಕೇಂದ್ರದ ಹೊರಗೇ ತಡೆಹಿಡಿಯಲ್ಪಟ್ಟಿರುತ್ತದೆ. ವೈರಸ್ಸಿನ ಪ್ರೋಟೀನು ಹುಟ್ಟದಿದ್ದರೆ ರೋಗನಿರೋಧಕ ವ್ಯವಸ್ಥೆಗೂ ಗುರುತು ಸಿಗದು. ಇಂಥ ಕೋಶಗಳು ಸುಮಾರು ಹತ್ತು ಲಕ್ಷಕ್ಕೆ ಒಂದು. ಅವು ಅರ್ಧಕ್ಕಿಳಿಯಲು ಬೇಕಾದ ಕಾಲ ಸುಮಾರು 44 ತಿಂಗಳು ಎಂದು ಸಿಲಿಸಿಯಾನೊ ತಂಡ ಅಳೆಯಿತು. ಆ ವೇಗದಲ್ಲಿ ಹತ್ತು ಲಕ್ಷ ಕೋಶಗಳು ಬರಿದಾಗಲು 70 ವರ್ಷಕ್ಕೂ ಹೆಚ್ಚು ಬೇಕೆಂಬ ಅಂದಾಜು 2003ರಲ್ಲಿ ಬಂತು. ಮೂರು ವರ್ಷ ಎಂದಿದ್ದದ್ದು ಆರೇ ವರ್ಷಗಳಲ್ಲಿ ಒಂದು ಆಯುಷ್ಯವಾಯಿತು.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ದುಗ್ಧಗ್ರಂಥಿಗಳಂಥ ಕಡೆ ಔಷಧದ ಪ್ರಮಾಣ ಸಾಲದೆ ವೈರಸ್ ಸದ್ದಿಲ್ಲದೆ ವೃದ್ಧಿಯಾಗುತ್ತಲೇ ಇರಬಹುದು. ಹಾಗಿದ್ದರೆ ಕೊರತೆ ಔಷಧದ್ದೇ ತಾನೆ? ಇದು ಬರಿಯ ಊಹೆಯಲ್ಲ. 2010ರಲ್ಲಿ ರಾಲ್ಟೆಗ್ರಾವಿರ್ ಎಂಬ ಇಂಟಿಗ್ರೇಸ್ ತಡೆಯನ್ನು ಸೇರಿಸಿದಾಗ ಕೆಲವು ರೋಗಿಗಳಲ್ಲಿ ಬೆಸೆಯಲಾಗದ ವೈರಸ್ ಡಿಎನ್‌ಎ ಉಂಗುರಗಳು ಹೆಚ್ಚಿದ್ದು ಕಂಡುಬಂತು. ಹೊಸ ಸೋಂಕು ನಡೆಯುತ್ತಿತ್ತು ಎಂಬುದಕ್ಕೆ ಅದು ಸೂಚನೆ. 2016ರಲ್ಲಿ ದುಗ್ಧಗ್ರಂಥಿಗಳಲ್ಲಿ ವೈರಸ್ ವಿಕಾಸ ಮುಂದುವರಿದಿದೆ ಎಂಬ ವರದಿಯೂ ‘ನೇಚರ್’ನಲ್ಲಿ ಬಂತು, ಅದರ ವಿಶ್ಲೇಷಣೆಯ ಬಗ್ಗೆ ತಕರಾರೂ ಎದ್ದಿತು. ಕೆಲವರಲ್ಲಿ, ಕೆಲವು ಕಾಲ ಇದು ನಡೆಯುತ್ತದೆಂದು ಒಪ್ಪಬಹುದು. ಉಳಿವಿಗೆ ಇದೇ ಮುಖ್ಯ ಕಾರಣವಾಗಿದ್ದರೆ ಮಾತ್ರ ಎರಡು ಪರಿಣಾಮ ಕಾಣಬೇಕಿತ್ತು. ಔಷಧವಿರುವಲ್ಲೇ ಬೆಳೆಯುವ ವೈರಸ್ಸಿನಲ್ಲಿ ರೂಪಾಂತರಗಳು ಕೂಡುತ್ತಾ ಔಷಧನಿರೋಧ ಬರಬೇಕು. ತಪ್ಪದೆ ಮಾತ್ರೆ ನುಂಗುವವರಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಇನ್ನೊಂದು, ಹೆಚ್ಚುವರಿ ಔಷಧ ಕೊಟ್ಟಾಗ ರಕ್ತದಲ್ಲಿ ಉಳಿದಿರುವ ಲವಲೇಶ ವೈರಸ್ ಇಳಿಯಬೇಕು. 2009ರಲ್ಲಿ ಹಾಗೆ ಕೊಟ್ಟು ನೋಡಿದಾಗ ಅದು ಇಳಿಯಲಿಲ್ಲ.

ನನಗೆ ಇದಕ್ಕಿಂತ ಹೆಚ್ಚು ತೂಕದ್ದೆನಿಸುವ ಸಾಕ್ಷ್ಯ 2014ರದು. ಆ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಎರಡು ಅಧ್ಯಯನಗಳು, ವರ್ಣತಂತುವಿನ ಯಾವ ಬಿಂದುವಿನಲ್ಲಿ ಪ್ರೊವೈರಸ್ ಸೇರಿದೆ ಎಂಬುದನ್ನು ಕೋಶದಿಂದ ಕೋಶಕ್ಕೆ ಹೋಲಿಸಿದವು. ಬೇರೆ ಬೇರೆ ಕೋಶಗಳಲ್ಲಿ ಅದೇ ಬಿಂದು ಮರುಕಳಿಸುತ್ತಿತ್ತು. ಮುನ್ನೂರು ಕೋಟಿ ಅಕ್ಷರಗಳ ಜೀನೋಮಿನಲ್ಲಿ ಇದು ಆಕಸ್ಮಿಕವಾಗಿರಲಾರದು: ಅವೆಲ್ಲ ಒಂದೇ ಸೋಂಕಿತ ಕೋಶದ ಸಂತಾನ. ವೈರಸ್ ಹೊಸ ಕೋಶಕ್ಕೆ ದಾಟಿಲ್ಲ. ಕೋಶ ಒಡೆದಾಗ ತಾನೂ ನಕಲಾಗಿದೆ. ಟೆಮಿನ್ ಕೋಳಿಯ ಕೋಶಗಳಲ್ಲಿ ಕಂಡದ್ದು ಇದನ್ನೇ. ಹಾಗಾಗಿ ಈ ಸುಪ್ತ ಸೋಂಕನ್ನು ಬೂದಿ ಮುಚ್ಚಿದ ಕೆಂಡಕ್ಕೆ ಹೋಲಿಸುವುದು ನನಗೆ ಒಪ್ಪಿಗೆಯಾಗದು. ಕೆಂಡ ಬಿಟ್ಟಷ್ಟೂ ಆರುತ್ತದೆ. ಇದು ಹೊಲದ ಜೇಕಿನ ಹಾಗೆ, ಮೇಲಿನದನ್ನು ಕಿತ್ತರೂ ನೆಲದೊಳಗೆ ಗೆಡ್ಡೆಯಿಂದ ಗೆಡ್ಡೆ ಕಟ್ಟುತ್ತದೆ. 44 ತಿಂಗಳು ಎಂಬುದೂ ಒಂದೊಂದು ಕೋಶದ ಆಯುಷ್ಯವಲ್ಲ. ಸತ್ತವನ್ನು ಕಳೆದು ಹುಟ್ಟಿದವನ್ನು ಕೂಡಿದ ಮೇಲೆ ಉಳಿದ ಲೆಕ್ಕ. ಅದಲ್ಲದೆ ಪ್ರೊವೈರಸ್‌ಗಳಲ್ಲಿ ಬಹುಪಾಲು ಹರಿದುಹೋದ ಪ್ರತಿಗಳೆಂದೂ, ಒಮ್ಮೆ ಪ್ರಚೋದಿಸಿದಾಗ ಏಳದವುಗಳಲ್ಲೂ ಶೇ. 12ರಷ್ಟು ಮಾತ್ರ ಇಡಿಯಾಗಿವೆಯೆಂದೂ 2013ರಲ್ಲಿ ತಿಳಿದುಬಂತು. ಡಿಎನ್‌ಎ ಎಣಿಸಿದರೆ ದಾಸ್ತಾನು ಹಿಗ್ಗುತ್ತದೆ, ಪ್ರಚೋದಿಸಿ ಎಣಿಸಿದರೆ ಕುಗ್ಗುತ್ತದೆ. ಸರಿಯಾದ ಅಳತೆಗೋಲಿಗಾಗಿಯೇ ಈ ಕ್ಷೇತ್ರದ ಅರ್ಧ ಜಗಳ.

ಮಲಗಿದ್ದನ್ನು ಎಬ್ಬಿಸಿ ಕೊಲ್ಲುವ ಉಪಾಯವೂ ಬಂತು. 2012ರಲ್ಲಿ ವೊರಿನೊಸ್ಟಾಟ್ ಎಂಬ ಕ್ಯಾನ್ಸರ್ ಔಷಧ ಪ್ರೊವೈರಸ್ಸನ್ನು ಮಿಸುಕಾಡಿಸಿತು, ದಾಸ್ತಾನು ಕರಗಲಿಲ್ಲ. ಎಬ್ಬಿಸುವ ಗುಂಡಿ ಎಲ್ಲ ಎಚ್‌ಐವಿಗಳಲ್ಲೂ ಒಂದೇ ರೀತಿಯದೂ ಅಲ್ಲ. ಅಮೆರಿಕ, ಯುರೋಪುಗಳಲ್ಲಿ ಹೆಚ್ಚಿರುವ ಬಿ ಉಪವಿಧದ ಪ್ರೊವೈರಸ್‌ನಲ್ಲಿ ಎನ್‌ಎಫ್-ಕಪ್ಪಾ-ಬಿ ಕೂರುವ ತಾಣಗಳು ಸಾಮಾನ್ಯವಾಗಿ ಎರಡು. ಭಾರತದ ಸೋಂಕುಗಳಲ್ಲಿ ಬಹುಪಾಲು ಇರುವ ಸಿ ಉಪವಿಧದಲ್ಲಿ ಮೂರು. ನಾಲ್ಕು ತಾಣಗಳಿರುವ ತಳಿಗಳು ತಲೆಯೆತ್ತುತ್ತಿರುವುದನ್ನೂ ಅವುಗಳ ಪ್ರತಿಲೇಖನ ಹೆಚ್ಚು ಬಿರುಸಾಗಿರುವುದನ್ನೂ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ 2012ರಲ್ಲಿ ತೋರಿಸಿತು. ಇಷ್ಟು ಬಿರುಸಿನ ಗುಂಡಿಯುಳ್ಳ ವೈರಸ್ ಮಲಗುವುದಾದರೂ ಹೇಗೆ, ಮಲಗಿದರೆ ಎಷ್ಟು ಗಾಢವಾಗಿ? 44 ತಿಂಗಳ ಲೆಕ್ಕ ಹುಟ್ಟಿದ್ದು ಅಮೆರಿಕದ ರೋಗಿಗಳ ರಕ್ತದಿಂದ. 2004ರ ಏಪ್ರಿಲ್ 1ರಿಂದ ಉಚಿತ ಎಆರ್‌ಟಿ (ಎಚ್‌ಐವಿ ತಡೆಯುವ ಔಷಧ ಚಿಕಿತ್ಸೆ) ಶುರುವಾದ ನಮ್ಮಲ್ಲಿ, ಎರಡು ದಶಕದಿಂದ ಮಾತ್ರೆ ನುಂಗುತ್ತಿರುವವರ ಮೆಮೊರಿ ಕೋಶಗಳನ್ನು ಅದೇ ಶ್ರದ್ಧೆಯಿಂದ ಎಣಿಸಿದಾಗಲೇ ಅದು ಇಲ್ಲಿಗೂ ಸಲ್ಲುತ್ತದೆಯೇ ಎಂದು ಹೇಳಲಾದೀತು.