ಬಸ್ಮಾಚಿ ದಂಗೆ ಮತ್ತು ಪಂಜ್ ನದಿಯ ಗಡಿ

ಪಾಮಿರ್ ಪರ್ವತಗಳಿಂದ ಇಳಿಯುವ ಪಂಜ್ ನದಿ ವಖ್ಷ್ ನದಿಯೊಡನೆ ಸೇರಿ ಅಮು ದರಿಯಾ ಆಗುತ್ತದೆ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಬ್ರಿಟನ್ ಮತ್ತು ರಷ್ಯಗಳು ಈ ನೀರನ್ನೇ ಗಡಿಯೆಂದು ಒಪ್ಪಿಕೊಂಡವು. ಉತ್ತರ ದಡ ರಷ್ಯದ ಆಶ್ರಯದಲ್ಲಿದ್ದ ಬುಖಾರಾ ಅಮೀರನಿಗೆ, ದಕ್ಷಿಣ ದಡ ಅಫ್ಘಾನಿಸ್ತಾನಕ್ಕೆ. ತಾಜಿಕರು, ಉಜ್ಬೆಕರು, ತುರ್ಕ್‌ಮನ್ನರು ಮಾತ್ರ ಎರಡೂ ದಡಗಳಲ್ಲಿ ಉಳಿದರು. 1918ರಿಂದ ಸುಮಾರು ಹದಿಮೂರು ವರ್ಷ ಮಧ್ಯ ಏಷ್ಯದಲ್ಲಿ ಸೋವಿಯತ್ ಆಡಳಿತದ ವಿರುದ್ಧ ನಡೆದ ಸಶಸ್ತ್ರ ಹೋರಾಟಕ್ಕೆ ಬಸ್ಮಾಚಿ ದಂಗೆ ಎಂಬ ಹೆಸರು ಕೊಟ್ಟವರು ಅದರ ವಿರೋಧಿಗಳು. ಅದರ ಕೊನೆಯ ಘಟ್ಟ ಈ ನದಿಯ ಆಚೀಚೆ ನಡೆಯಿತು.

ದಂಗೆಯ ಬೇರು ಕ್ರಾಂತಿಗಿಂತ ಹಳೆಯದು. ತ್ಸಾರ್ ಕಾಲದಲ್ಲಿ ಫರ್ಗಾನಾ ಕಣಿವೆಯ ಹೊಲಗಳು ಹತ್ತಿಗೆ ತಿರುಗಿ, ಊಟದ ಧಾನ್ಯ ರೈಲಿನಲ್ಲಿ ಬರಬೇಕಾಯಿತು. 1916ರಲ್ಲಿ ಯುದ್ಧದ ಕೂಲಿಗೆ ಗಂಡಸರನ್ನು ಬಲವಂತವಾಗಿ ಕರೆದಾಗ ಜನ ತಿರುಗಿಬಿದ್ದರು. ಅಂತರ್ಯುದ್ಧದಲ್ಲಿ ಧಾನ್ಯ ಬರುವುದು ನಿಂತು ಬರಗಾಲ ಬಿತ್ತು. 1918ರ ಫೆಬ್ರುವರಿಯಲ್ಲಿ ತಾಷ್ಕೆಂಟಿನ ಸೋವಿಯತ್ ಪಡೆಗಳು ಕೋಕಂದದ ಸ್ವಾಯತ್ತ ಸರ್ಕಾರವನ್ನು ನಾಶಮಾಡಿ ಊರನ್ನು ಸುಲಿದವು. ಹಸಿದ, ಅವಮಾನಗೊಂಡ ಜನರ ಕೈಗೆ ಬಂದೂಕು ಬಂದದ್ದು ಆಗ.

1920ರ ಸೆಪ್ಟೆಂಬರಿನಲ್ಲಿ ಸೇನಾಪತಿ ಫ್ರುಂಜೆಯ ಸೋವಿಯತ್ ಕೆಂಪು ಸೇನೆ ಬುಖಾರಾವನ್ನು ಗೆದ್ದಿತು. ಅಮೀರ ಆಲಿಂ ಖಾನ್ ಪೂರ್ವದ ಬೆಟ್ಟಗಳಿಗೆ ಓಡಿ, ಮರುವರ್ಷ ನದಿ ದಾಟಿ ಕಾಬೂಲ್ ಸೇರಿದ. ಅವನ ಪರವಾಗಿ ಬೆಟ್ಟಗಳಲ್ಲಿ ಹೋರಾಟ ಮುಂದುವರಿಸಿದವನು ಲಕಾಯ್ ಬುಡಕಟ್ಟಿನ ಇಬ್ರಾಹಿಂ ಬೇಕ್. ತುರ್ಕಿಯ ಮಾಜಿ ಯುದ್ಧಮಂತ್ರಿ ಎನ್ವರ್ ಪಾಷಾ ಸೋವಿಯತ್ ಪಕ್ಷ ತೊರೆದು ದಂಗೆಕೋರರನ್ನು ಸೇರಲು ಬಂದಾಗ ಇಬ್ರಾಹಿಂ ಬೇಕ್ ಅವನನ್ನು ನಂಬದೆ ಮೊದಲು ಸೆರೆಯಲ್ಲಿಟ್ಟ. ಎನ್ವರ್ 1922ರ ಫೆಬ್ರುವರಿಯಲ್ಲಿ ದುಶಾಂಬೆಯನ್ನು ಹಿಡಿದನಾದರೂ ಆಗಸ್ಟ್ 4ರಂದು ಬಲ್ಜುವಾನ್ ಬಳಿ ಕಾಳಗದಲ್ಲಿ ಸತ್ತ. ದಂಗೆಗೆ ಒಬ್ಬನೇ ನಾಯಕ ಎಂದೂ ಇರಲಿಲ್ಲ. ಪಶ್ಚಿಮದಲ್ಲಿ ಜುನೈದ್ ಖಾನ್ ಕಾರಾಕುಂ ಮರುಭೂಮಿಯಿಂದ ತನ್ನದೇ ಯುದ್ಧ ಮಾಡುತ್ತಿದ್ದ.

1922ರಿಂದ ಸೋವಿಯತ್ತರು ದಾರಿ ಬದಲಿಸಿದರು. ವಕ್ಫ್ ಜಮೀನುಗಳನ್ನು ಹಿಂದಿರುಗಿಸಿದರು, ಷರಿಯತ್ ನ್ಯಾಯಾಲಯಗಳಿಗೆ ಅವಕಾಶ ಕೊಟ್ಟರು, ತೆರಿಗೆ ಇಳಿಸಿದರು. ದಂಗೆಯ ಬಲ ಕುಗ್ಗಿಸಿದ್ದರಲ್ಲಿ ಈ ರಿಯಾಯಿತಿಗಳ ಪಾಲು ಫಿರಂಗಿಯ ಪಾಲಿಗಿಂತ ಕಡಿಮೆಯಲ್ಲ. 1926ರಲ್ಲಿ ಇಬ್ರಾಹಿಂ ಬೇಕ್ ನದಿ ದಾಟಿ ಅಫ್ಘಾನಿಸ್ತಾನಕ್ಕೆ ಹೋದ. ಅಲ್ಲಿಂದಾಚೆಗೆ ದಂಗೆ ಗಡಿದಾಳಿಯ ರೂಪ ತಾಳಿತು.

1929 ಈ ಗಡಿಯ ಅತಿ ಕಠಿಣ ವರ್ಷ. ಕಾಬೂಲಿನಲ್ಲಿ ದೊರೆ ಅಮಾನುಲ್ಲಾ ಪದಚ್ಯುತನಾಗಿ, ಬಚ್ಚಾ ಸಕಾವ್ ಎಂದು ಹೆಸರಾದ ಹಬೀಬುಲ್ಲಾ ಗದ್ದುಗೆ ಏರಿದ. ಇಬ್ರಾಹಿಂ ಬೇಕ್ ಅವನ ಪಕ್ಷ ಹಿಡಿದ. ಏಪ್ರಿಲಿನಲ್ಲಿ ಪ್ರಿಮಕೋವ್‌ನ ಮುಂದಾಳುತನದಲ್ಲಿ ಸೋವಿಯತ್ ಸೈನಿಕರು ಅಫ್ಘನ್ ಸಮವಸ್ತ್ರ ತೊಟ್ಟು, ತೆರ್ಮೆಜ್ ಬಳಿ ನದಿ ದಾಟಿ, ಅಮಾನುಲ್ಲಾನ ಪರವಾಗಿ ಮಜಾರ್-ಎ-ಷರೀಫನ್ನು ಹಿಡಿದರು. ಅಮಾನುಲ್ಲಾ ದೇಶ ಬಿಟ್ಟ ಮೇಲೆ ಹಿಂದಿರುಗಿದರು. ಅದೇ ವಸಂತದಲ್ಲಿ ಬಸ್ಮಾಚಿ ನಾಯಕ ಫುಜೈಲ್ ಮಖ್ಸೂಮ್ ಎದುರು ದಿಕ್ಕಿನಿಂದ ನದಿ ದಾಟಿ ಗರ್ಮ್ ಪಟ್ಟಣವನ್ನು ಹಿಡಿದ. ದಾರಿಯಿಲ್ಲದ ಆ ಕಣಿವೆಗೆ ಕೆಂಪು ಸೇನೆ ವಿಮಾನದಲ್ಲಿ ಸೈನಿಕರನ್ನು ಇಳಿಸಿ ಅವನನ್ನು ಓಡಿಸಿತು. ಇತ್ತ ಸಾಮೂಹಿಕ ಬೇಸಾಯದ ಬಲವಂತ ಶುರುವಾದಾಗ ಎಷ್ಟೋ ಸಂಸಾರಗಳು ದನಕುರಿಗಳೊಂದಿಗೆ ದಕ್ಷಿಣ ದಡಕ್ಕೆ ವಲಸೆ ಹೋದವು. ದಾಳಿಕೋರರ ಹೆಸರು ಗ್ರಂಥಗಳಲ್ಲಿ ಉಳಿದಿದೆ, ಈ ಬಡವರದು ಉಳಿದಿಲ್ಲ. ಅವರ ಸಂತತಿ ಉತ್ತರ ಅಫ್ಘಾನಿಸ್ತಾನದಲ್ಲಿ ಇಂದಿಗೂ ಇದೆ.

1930ರ ಜೂನಿನಲ್ಲಿ ಕೆಂಪು ಸೇನೆ ಮತ್ತೆ ನದಿ ದಾಟಿ ಬಸ್ಮಾಚಿ ನೆಲೆಗಳನ್ನು ಸುಟ್ಟಿತು. ಹಬೀಬುಲ್ಲಾನ ನಂತರ ಕಾಬೂಲಿನ ಗದ್ದುಗೆಗೆ ಬಂದ ಹೊಸ ದೊರೆ ನಾದಿರ್ ಶಾನಿಗೆ ಇಂಥ ದಾಳಿಗಳಿಗೆ ನೆಪ ಉಳಿಯುವುದು ಬೇಕಿರಲಿಲ್ಲ. ಅವನ ತಮ್ಮ ಶಾ ಮಹಮೂದ್ ಸೇನೆಯೊಂದಿಗೆ ಬಂದು ಇಬ್ರಾಹಿಂ ಬೇಕನನ್ನು ಉತ್ತರಕ್ಕೆ ಅಟ್ಟಿದ. 1931ರ ವಸಂತದಲ್ಲಿ ತಾಜಿಕಿಸ್ತಾನ ಹೊಕ್ಕ ಬೇಕ್ ಜೂನ್ 23ರಂದು ಸೆರೆಸಿಕ್ಕ. ಮುಂದೆ ಅವನನ್ನು ಗುಂಡಿಕ್ಕಿ ಕೊಂದರು. ಸೆರೆಯ ಮರುದಿನವೇ ಕಾಬೂಲಿನಲ್ಲಿ ಸೋವಿಯತ್–ಅಫ್ಘನ್ ತಟಸ್ಥತೆಯ ಒಪ್ಪಂದಕ್ಕೆ ಸಹಿ ಬಿತ್ತು. ಸೋವಿಯತ್ ಬಲವೊಂದರಿಂದಲೇ ಈ ದಾಳಿಗಳು ನಿಲ್ಲಲಿಲ್ಲ. ಆಚೆ ದಡದಲ್ಲಿ ಆಶ್ರಯ ತಪ್ಪಿದ್ದು ನಿರ್ಣಾಯಕವಾಯಿತು.

ಸೋವಿಯತ್ ಒಕ್ಕೂಟ ಮುರಿದ ನಂತರ, ತಾಜಿಕ್ ಅಂತರ್ಯುದ್ಧದ ನಡುವೆ, 1993ರ ಜುಲೈ 13ರಂದು ಅಫ್ಘಾನಿಸ್ತಾನದ ಕಡೆಯಿಂದ ಬಂದ ಹೋರಾಟಗಾರರು ರಷ್ಯದ ಗಡಿಪಡೆ ಇನ್ನೂ ಕಾಯುತ್ತಿದ್ದ ಇದೇ ಗಡಿಯ 12ನೆಯ ಠಾಣೆಯ ಮೇಲೆ ಎರಗಿದರು. ರಷ್ಯದ ಕಡೆಯ 25 ಮಂದಿ ಸತ್ತರು. 2005ರಲ್ಲಿ ರಷ್ಯದ ಗಡಿಪಡೆ ಹಿಂದೆ ಸರಿದು, ಕಾವಲು ತಾಜಿಕಿಸ್ತಾನದ ಕೈಗೆ ಬಂತು.