‘ದಯವಿಟ್ಟು ಕಾಯಿರಿ’: ಒಂದು ಪುಟದ ಪೂರ್ವಚರಿತ್ರೆ

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ರೈತನೊಬ್ಬನನ್ನು ಕಲ್ಪಿಸಿಕೊಳ್ಳಿ. ಕಾಲ 2002ರ ಆಸುಪಾಸು. ಮುಂಗಾರು ಹತ್ತಿರ ಬಂದಿದೆ, ತೊಗರಿ ಬಿತ್ತಬೇಕು, ಸಾಲ ಕೊಡುವ ಬ್ಯಾಂಕಿನವರು ಪಹಣಿ ಕೇಳಿದ್ದಾರೆ. ಘಾಟಬೋರಾಳದಿಂದಲೋ ದುಬಲಗುಂಡಿಯಿಂದಲೋ ಬಸ್ಸು ಹತ್ತಿ ಆತ ತಹಸೀಲ್ದಾರ್ ಕಚೇರಿಯ ಕಿಟಕಿಯ ಮುಂದೆ ನಿಂತಿದ್ದಾನೆ. ಆ ದಿನದ ಹೊಲದ ಕೆಲಸ ಹೋದಂತೆಯೇ ಲೆಕ್ಕ. ಕಿಟಕಿಯ ಒಳಗಿರುವ ನೌಕರ ಸರ್ವೆ ನಂಬರನ್ನು ಗಣಕಕ್ಕೆ ಕೊಡುತ್ತಾನೆ. ಹೊರಗೆ ನಿಂತವನ ಕಡೆಗೆ ಮುಖ ಮಾಡಿರುವ ಇನ್ನೊಂದು ಪರದೆಯಲ್ಲಿ ಅದೇ ಅಂಕಿಗಳು ಮೂಡುತ್ತವೆ.

ಇದು ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ. ಅದಕ್ಕೆ ಮೊದಲು ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಕೈಬರಹದ ವಹಿಗಳಲ್ಲಿದ್ದ, 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕಕ್ಕೆ ಏರಿಸಿ, 177 ತಾಲ್ಲೂಕು ಕೇಂದ್ರಗಳಲ್ಲಿ ಕಿಟಕಿ ತೆರೆಯಲಾಯಿತು. ತಂತ್ರಾಂಶ ರಾಷ್ಟ್ರೀಯ ಮಾಹಿತಿ ಕೇಂದ್ರದ್ದು. ಪಹಣಿಯ ಶುಲ್ಕ ಆಗ 15 ರೂಪಾಯಿ ಇತ್ತು. ಹೊರಮುಖದ ಪರದೆಯನ್ನು ಇಟ್ಟದ್ದು ವ್ಯವಹಾರ ಪಾರದರ್ಶಕವಾಗಿರಲಿ ಎಂದು. ಆದರೆ ಅದು ಇನ್ನೊಂದು ಕೆಲಸವನ್ನೂ ಮಾಡಿತು. ‘ನಿಮ್ಮ ಕೆಲಸ ನಡೆಯುತ್ತಿದೆ’ ಎಂದು ಕಾಯುವವನಿಗೆ ತೋರಿಸಿತು.

ಪಹಣಿಯ ಪ್ರತಿ ಕೆಲವೇ ನಿಮಿಷಗಳ ಕೆಲಸ. ಹಕ್ಕು ಬದಲಾವಣೆ ಹಾಗಲ್ಲ. ಜಮೀನು ಮಾರಿದಾಗ, ಹಿಸ್ಸೆಯಾದಾಗ, ತಂದೆಯ ಹೆಸರಿನಿಂದ ಮಕ್ಕಳ ಹೆಸರಿಗೆ ಬರಬೇಕಾದಾಗ ಅರ್ಜಿ ಕೊಡಬೇಕು, ನೋಟೀಸು ಹೊರಡಬೇಕು, ಆಗಿನ ನಿಯಮದಂತೆ ತಕರಾರಿಗೆ 30 ದಿನ ಬಿಡಬೇಕು. ಅಷ್ಟು ದಿನ ಯಾರೂ ಕಿಟಕಿಯ ಮುಂದೆ ನಿಲ್ಲಲಾರರು. ಆದ್ದರಿಂದ ಭೂಮಿ ಕೇಂದ್ರದಲ್ಲಿ ಅರ್ಜಿ ದಾಖಲಾದ ಕೂಡಲೇ ಒಂದು ಸಂಖ್ಯೆ ಕೊಡುತ್ತಿದ್ದರು. ಅರ್ಜಿಗಳು ಬಂದ ಸರತಿಯಲ್ಲೇ ಮುಂದೆ ಹೋಗಬೇಕು, ನಡುವೆ ಯಾರನ್ನೂ ತೂರಿಸುವಂತಿಲ್ಲ ಎಂದು ತಂತ್ರಾಂಶದಲ್ಲೇ ಕಟ್ಟುಪಾಡಿತ್ತು. ಪ್ರಾಯೋಗಿಕವಾಗಿ ಕೆಲವು ಕೇಂದ್ರಗಳಲ್ಲಿ ಸ್ಪರ್ಶಪರದೆಯನ್ನೂ ಇಟ್ಟಿದ್ದರು. ಅಲ್ಲಿ ಅರ್ಜಿದಾರ ತನ್ನ ಸಂಖ್ಯೆಯನ್ನು ಒತ್ತಿ ‘ಎಲ್ಲಿಗೆ ಬಂತು’ ಎಂದು ತಾನೇ ನೋಡಬಹುದಾಗಿತ್ತು.

ಸಂಖ್ಯೆ, ಸರತಿ, ವಿಚಾರಣೆಯ ಪರದೆ. ಅಂತರಜಾಲದಲ್ಲಿ ಒಂದು ದೀರ್ಘ ಲೆಕ್ಕ ನಡೆಯುವಾಗ ‘ದಯವಿಟ್ಟು ಕಾಯಿರಿ’ ಎಂದು ತೋರುವ ಪುಟದ ಹಿಂದೆ ಇರಬೇಕಾದದ್ದೂ ಈ ಮೂರೇ. ಇಷ್ಟು ಸರಳವಾದದ್ದನ್ನು ಗಣಕಲೋಕ ಕಂಡುಕೊಳ್ಳಲು ಹಲವು ದಶಕಗಳೇ ಹಿಡಿದವು. ಇನ್ನೂ ಮೋಜೆಂದರೆ, ಅದನ್ನು ಒಮ್ಮೆ ಕಂಡುಕೊಂಡು, ಮರೆತು, ಮತ್ತೆ ಕಂಡುಕೊಳ್ಳಬೇಕಾಯಿತು.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸ ಆರಂಭಿಸಿದ ‘ಟಿಫ್ರ್ಯಾಕ್’, ಕಾನ್ಪುರದ ಐಐಟಿಗೆ 1963ರಲ್ಲಿ ಬಂದ ಐಬಿಎಂ 1620, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಐಬಿಎಂ 360/44 – ಇವುಗಳ ಕಾಲದಲ್ಲಿ ಲೆಕ್ಕ ಕೊಡುವವನೂ ಲೆಕ್ಕ ಮಾಡುವ ಯಂತ್ರವೂ ಎದುರುಬದುರಾಗುವುದು ಅಪರೂಪ. ತೂತು ಹೊಡೆದ ಕಾರ್ಡುಗಳ ಕಟ್ಟನ್ನೋ ಕಾಗದದ ಸುರುಳಿಯನ್ನೋ ಒಪ್ಪಿಸಿ ಹೋಗುವುದು, ಸಂಜೆಗೋ ಮರುದಿನವೋ ಬಂದು ಮುದ್ರಿತ ಹಾಳೆ ಪಡೆಯುವುದು. ಒಂದು ಅಲ್ಪವಿರಾಮ ತಪ್ಪಿದ್ದರೆ ಹಾಳೆಯಲ್ಲಿ ದೋಷದ ಸಂದೇಶ ಮಾತ್ರ. ಮತ್ತೆ ಒಂದು ದಿನ. ಕಷ್ಟದ ವ್ಯವಸ್ಥೆಯೇ, ಆದರೆ ಅದರಲ್ಲಿ ಗೊಂದಲವಿರಲಿಲ್ಲ. ಕೊಟ್ಟವನಿಗೆ ತನ್ನ ಕೆಲಸ ಸರತಿಯಲ್ಲಿದೆ ಎಂಬುದು ಗೊತ್ತಿತ್ತು. ಕಾಯುವ ಹೊತ್ತಿನಲ್ಲಿ ಊಟ ಮಾಡಬಹುದಿತ್ತು, ಪಾಠ ಮಾಡಬಹುದಿತ್ತು.

ತೊಂದರೆ ಶುರುವಾದದ್ದು ಮನುಷ್ಯ ಯಂತ್ರದ ಎದುರೇ ಕುಳಿತಾಗ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಗಣಕದ ಸಮಯವನ್ನು ಅನೇಕರಿಗೆ ಹಂಚುವ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಎದುರಿಗೆ ಬೆರಳಚ್ಚು ಯಂತ್ರದಂಥ ಸಾಧನ. ಆಜ್ಞೆ ಟೈಪು ಮಾಡಿದ ಮೇಲೆ ಯಂತ್ರ ಸುಮ್ಮನಿದ್ದರೆ ಏನರ್ಥ? ಕೇಳಿಸಿತೋ, ಕೆಟ್ಟಿತೋ? ಅದಕ್ಕೆ ಅವರು ಮಾಡಿದ್ದು ಹೀಗೆ: ಆಜ್ಞೆ ಸ್ವೀಕಾರವಾದಾಗ ಗಣಕ ‘ಡಬ್ಲ್ಯು’ ಎಂಬ ಒಂದು ಅಕ್ಷರವನ್ನೂ ಅಂದಿನ ಗಳಿಗೆಯನ್ನೂ ಅಚ್ಚು ಮಾಡುತ್ತಿತ್ತು – ಕಾಯಿರಿ ಎಂದು. ಕೆಲಸ ಮುಗಿದಾಗ ‘ಆರ್’ ಎಂಬ ಅಕ್ಷರ, ಜೊತೆಗೆ ಎಷ್ಟು ಸೆಕೆಂಡು ಖರ್ಚಾಯಿತೆಂಬ ಅಂಕಿ – ಸಿದ್ಧ ಎಂದು. ಇಂದು ನಾವು ಕಾಣುವ ಕಾಯುವ ಪುಟಗಳ ಹಿರಿಯಜ್ಜ ಎಂದು ಈ ಒಂಟಿ ಅಕ್ಷರವನ್ನು ಕರೆಯಲು ನನಗೇನೂ ಸಂಕೋಚವಿಲ್ಲ.

ಐಬಿಎಂನ ರಾಬರ್ಟ್ ಮಿಲ್ಲರ್ 1968ರಲ್ಲಿ ಮನುಷ್ಯ ಎಷ್ಟು ಹೊತ್ತಿನ ಮೌನವನ್ನು ಸಹಿಸಿಯಾನು ಎಂದು ಬಗೆಬಗೆಯ ಸಂದರ್ಭಗಳಿಗೆ ವಿಂಗಡಿಸಿ ಬರೆದ. ಅದರ ಸಾರವನ್ನು 1993ರಲ್ಲಿ ಯಾಕೊಬ್ ನೀಲ್ಸನ್ ಮೂರು ಅಂಕಿಗಳಿಗೆ ಇಳಿಸಿದ. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಡವೇ ತಿಳಿಯದು. 1 ಸೆಕೆಂಡಿನವರೆಗೆ ಯೋಚನೆಯ ಎಳೆ ಕಡಿಯದು. 10 ಸೆಕೆಂಡು ದಾಟಿದರೆ ಗಮನ ಬೇರೆಡೆ ಹರಿಯುತ್ತದೆ. ಹತ್ತರ ಆಚೆಗೆ ಎಷ್ಟು ಆಯಿತು, ಎಷ್ಟು ಉಳಿಯಿತು ಎಂದು ಹೇಳಲೇಬೇಕು.

ಎಷ್ಟು ಉಳಿಯಿತು ಎಂಬುದನ್ನು ತೋರಿಸುವ ಸಾಧನ ನಮ್ಮ ನಾಡಿಗೆ ಹೊಸತಲ್ಲ. ಘಟಿಕಾಯಂತ್ರವನ್ನು ನೆನೆಯಿರಿ. ತಳದಲ್ಲಿ ಸಣ್ಣ ರಂಧ್ರವಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗಲು ಒಂದು ಗಳಿಗೆ, ಅಂದರೆ 24 ನಿಮಿಷ. ಅರ್ಧ ತುಂಬಿದ ಬಟ್ಟಲನ್ನು ನೋಡಿದವನಿಗೆ ಬೇರೆ ವಿವರಣೆ ಬೇಡ. ಭಾಸ್ಕರಾಚಾರ್ಯನ ಮಗಳು ಲೀಲಾವತಿಯ ಕಥೆ ನಿಮಗೆ ಗೊತ್ತಿರಬಹುದು: ಮದುವೆಯ ಮುಹೂರ್ತಕ್ಕೆಂದು ಬಟ್ಟಲನ್ನು ಬಿಟ್ಟಿದ್ದರು, ಆಕೆ ಬಗ್ಗಿ ನೋಡುವಾಗ ಮುತ್ತೊಂದು ಬಿದ್ದು ರಂಧ್ರ ಮುಚ್ಚಿತು, ಬಟ್ಟಲು ಮುಳುಗಲೇ ಇಲ್ಲ, ಮುಹೂರ್ತ ಮೀರಿಹೋಯಿತು. 16ನೆಯ ಶತಮಾನದಲ್ಲಿ ‘ಲೀಲಾವತಿ’ಯನ್ನು ಪಾರಸಿಗೆ ತಂದ ಫೈಜಿ ಹೇಳಿದ ಕಥೆ ಇದು, ಇತಿಹಾಸವಲ್ಲ. ಆದರೂ ಗಣಕದ ಮುಂದೆ ಕುಳಿತವರಿಗೆ ಆ ಮುತ್ತಿನ ಪರಿಚಯ ಚೆನ್ನಾಗಿದೆ.

1984ರ ಮ್ಯಾಕಿಂಟಾಷ್‌ನ ಕೈಗಡಿಯಾರ, ಮುಂದೆ ವಿಂಡೋಸ್‌ನ ಮರಳುಗಡಿಯಾರ, ಈಚಿನ ತಿರುಗುವ ಉಂಗುರ ಇವೆಲ್ಲ ‘ತಡೆಯಿರಿ’ ಎನ್ನುತ್ತವೆ ಅಷ್ಟೆ. ಆ ಮರಳುಗಡಿಯಾರದ ಮರಳನ್ನು ನೋಡಿ ಉಳಿದ ಹೊತ್ತನ್ನು ಅಳೆಯಲಾಗುವುದಿಲ್ಲ. ಚಿತ್ರ ಗಡಿಯಾರದ್ದು, ಗುಣ ಗಡಿಯಾರದ್ದಲ್ಲ. 1985ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ವಿದ್ಯಾರ್ಥಿ ಬ್ರಾಡ್ ಮೈಯರ್ಸ್ ಶೇಕಡಾವಾರು ಪ್ರಗತಿ ತೋರುವ ಪಟ್ಟಿಯ ಬಗ್ಗೆ ಪ್ರಯೋಗ ನಡೆಸಿ ಪ್ರಬಂಧ ಮಂಡಿಸಿದ. ಪ್ರಯೋಗದಲ್ಲಿ ಪಾಲ್ಗೊಂಡ ಹೆಚ್ಚಿನವರು ಪಟ್ಟಿ ಇರುವುದನ್ನೇ ಮೆಚ್ಚಿದರು. ಕೆಲಸ ಬೇಗ ಮುಗಿಯದಿದ್ದರೂ ಕಾಯುವುದು ಹಗುರವಾಯಿತು.

ಇಷ್ಟಾದ ಮೇಲೆ ಬಂದದ್ದು ವಿಶ್ವವ್ಯಾಪಿ ಜಾಲ. ಇಲ್ಲಿ ಕಲಿತದ್ದೆಲ್ಲ ಮರೆತುಹೋಯಿತು ಎಂದರೆ ತಪ್ಪಾಗದು. ಟಿಮ್ ಬರ್ನರ್ಸ್-ಲೀ ರೂಪಿಸಿದ ಎಚ್‌ಟಿಟಿಪಿ ವಿಧಿಯ ಮೂಲ ತತ್ತ್ವ ಬಹಳ ಸರಳ. ಬ್ರೌಸರ್ ಒಂದು ಕೋರಿಕೆ ಕಳುಹಿಸುತ್ತದೆ, ಸರ್ವರ್ ಒಂದು ಉತ್ತರ ಕೊಡುತ್ತದೆ, ಅಲ್ಲಿಗೆ ಸಂಬಂಧ ಮುಗಿಯಿತು. ಇಟ್ಟ ಪುಟವನ್ನು ಎತ್ತಿಕೊಡಲು ಇದು ಸಾಕು. 1993ರಲ್ಲಿ ‘ಸಿಜಿಐ’ ಏರ್ಪಾಡು ಬಂದು, ಸರ್ವರ್ ಪುಟ ಕೊಡುವ ಮೊದಲು ಲೆಕ್ಕವನ್ನೂ ಮಾಡತೊಡಗಿದಾಗ ಇಕ್ಕಟ್ಟು ಕಾಣಿಸಿತು. ಲೆಕ್ಕ ಮುಗಿಯುವ ತನಕ ಉತ್ತರವಿಲ್ಲ. ಉತ್ತರ ಬರುವ ತನಕ ಪರದೆ ಬೆಳ್ಳಗೆ. ಅದೇ ವರ್ಷದ ಮೊಸಾಯಿಕ್ ಬ್ರೌಸರಿನ ಮೂಲೆಯಲ್ಲಿ ಒಂದು ಭೂಗೋಳ ತಿರುಗುತ್ತಿತ್ತು. ಆದರೆ ಅದು ಬ್ರೌಸರ್ ಕಾಯುತ್ತಿದೆ ಎಂದು ಹೇಳುತ್ತಿತ್ತೇ ಹೊರತು ಸರ್ವರ್ ದುಡಿಯುತ್ತಿದೆ ಎಂದಲ್ಲ.

ಬೆಳ್ಳಗಿನ ಪರದೆಯ ಮುಂದೆ ಮನುಷ್ಯ ಮಾಡುವುದೇನು? ಮತ್ತೆ ಒತ್ತುತ್ತಾನೆ. ನಾನೂ ಒತ್ತಿದ್ದೇನೆ. ಪರೀಕ್ಷಾ ಶುಲ್ಕವೊಂದನ್ನು ಕಟ್ಟುವಾಗ ಪುಟ ನಿಂತೇ ಇತ್ತು, ಮತ್ತೆ ಒತ್ತಿದೆ, ಎರಡು ಬಾರಿ ಹಣ ಹೋಯಿತು. ವಾಪಸು ಬರಲು ಎರಡು ತಿಂಗಳು. ತಾಂತ್ರಿಕವಾಗಿ ಆಗುವುದು ಇಷ್ಟು: ಬಳಕೆದಾರ ಪುಟವನ್ನು ತೊರೆದರೂ ಸರ್ವರಿನಲ್ಲಿ ಹಳೆಯ ಲೆಕ್ಕ ಸಾಮಾನ್ಯವಾಗಿ ಮುಂದುವರಿಯುತ್ತದೆ. ಮತ್ತೆ ಒತ್ತಿದಾಗ ಎರಡನೆಯದು ಶುರುವಾಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದಂಥ ದಿನ ಸಾವಿರಾರು ಮಂದಿ ಹೀಗೆ ಮಾಡಿದರೆ, ಯಾರಿಗೂ ಬೇಡವಾದ ಲೆಕ್ಕಗಳನ್ನು ಹೊತ್ತು ಸರ್ವರ್ ಕುಸಿಯುತ್ತದೆ. ಸರ್ವರ್ ನಿಧಾನವಾದಷ್ಟೂ ಜನ ಹೆಚ್ಚು ಒತ್ತುತ್ತಾರೆ. ಸಾಲದ್ದಕ್ಕೆ ಎನ್‌ಜಿನ್‌ಎಕ್ಸ್‌ನಂಥ ಮಧ್ಯವರ್ತಿ ತಂತ್ರಾಂಶಗಳು, ಬೇರೆ ಹೇಳದಿದ್ದರೆ, 60 ಸೆಕೆಂಡು ಮೌನವಿದ್ದ ಕೂಡಲೇ ಸಂಪರ್ಕ ಕಡಿಯುತ್ತವೆ. ಎರಡು ನಿಮಿಷದ ಲೆಕ್ಕಕ್ಕೆ ಇಂಥಲ್ಲಿ ಉತ್ತರ ತಲಪುವುದೇ ಇಲ್ಲ.

ಪರಿಹಾರ ಹಳೆಯ ಕಾರ್ಡಿನ ಕಟ್ಟಿನಲ್ಲೇ ಇತ್ತು. 1996ರ ಮೇ ತಿಂಗಳಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.0ರ ವಿವರಣೆಯಲ್ಲಿ 202 ಎಂಬ ಉತ್ತರ ಸಂಕೇತವಿದೆ. 404 ಎಲ್ಲರಿಗೂ ಗೊತ್ತು, 202 ಹೆಚ್ಚಿನವರ ಕಣ್ಣಿಗೆ ಬಿದ್ದಿಲ್ಲ. ಅದರ ಅರ್ಥ: ಕೋರಿಕೆ ಸ್ವೀಕಾರವಾಗಿದೆ, ಕೆಲಸ ಇನ್ನೂ ಮುಗಿದಿಲ್ಲ. ದಿನಕ್ಕೊಮ್ಮೆ ಮಾತ್ರ ನಡೆಯುವ ಸರತಿ ಕೆಲಸಕ್ಕೂ ಸಂಪರ್ಕ ಹಿಡಿದಿಡದೆ ಕೋರಿಕೆ ಪಡೆಯಲು ಇದು ಎಂದು ಅಲ್ಲೇ ವಿವರಿಸಿದ್ದಾರೆ. ಜೊತೆಗೆ ಈಗಿನ ಸ್ಥಿತಿಯನ್ನೂ, ಮುಂದೆ ವಿಚಾರಿಸುವ ಜಾಗವನ್ನೋ ಮುಗಿಯುವ ಅಂದಾಜನ್ನೋ ಉತ್ತರದಲ್ಲಿ ತಿಳಿಸಬೇಕೆಂದೂ ಸೂಚಿಸಿದ್ದಾರೆ. ಭೂಮಿ ಕೇಂದ್ರದ ಸ್ವೀಕೃತಿ ಸಂಖ್ಯೆಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ನೀವು ಶಾಲೆಗೋ ಕಾಲೇಜಿಗೋ ಇಂಥ ತಂತ್ರಾಂಶ ಬರೆಯುವುದಾದರೆ ಕ್ರಮ ಹೀಗಿರುತ್ತದೆ. ಕೋರಿಕೆ ಬಂದ ತಕ್ಷಣ ಲೆಕ್ಕಕ್ಕೆ ಕೈಹಾಕಬೇಡಿ. ಅದನ್ನು ಸರತಿಯ ಕೋಷ್ಟಕದಲ್ಲಿ ಬರೆದು, ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ವಿಳಾಸದಲ್ಲೇ ಹೊತ್ತ ಕಾಯುವ ಪುಟವನ್ನು ಕೂಡಲೇ ಕಳುಹಿಸಿ. ಲೆಕ್ಕ ಮಾಡುವುದು ಬೇರೊಂದು ಕಾರ್ಯಕ್ರಮ. ಅದು ಸರತಿಯಿಂದ ಒಂದೊಂದನ್ನೇ ಎತ್ತಿಕೊಂಡು, ಆಗಾಗ ತನ್ನ ಪ್ರಗತಿಯನ್ನು ಅದೇ ಕೋಷ್ಟಕದಲ್ಲಿ ಬರೆಯುತ್ತಿರಬೇಕು. ಕಾಯುವ ಪುಟ ಕೆಲವು ಸೆಕೆಂಡಿಗೊಮ್ಮೆ ‘ಎಲ್ಲಿಗೆ ಬಂತು’ ಎಂದು ಕೇಳುತ್ತದೆ. ಮೊದಮೊದಲು ಇದಕ್ಕಾಗಿ ಇಡೀ ಪುಟ ತಾನೇ ಮತ್ತೆ ತೆರೆದುಕೊಳ್ಳುವಂತೆ ಬರೆಯುತ್ತಿದ್ದರು. 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಂದ, 2005ರಲ್ಲಿ ‘ಅಜಾಕ್ಸ್’ ಎಂದು ಹೆಸರಾದ ತಂತ್ರದಿಂದ ಪುಟ ಅಲುಗಾಡದೆ ಅಂಕಿ ಮಾತ್ರ ಬದಲಾಗುವಂತಾಯಿತು. 2011ರ ವೆಬ್‌ಸಾಕೆಟ್ ಬಂದ ಮೇಲೆ ಸರ್ವರೇ ಕೂಗಿ ಹೇಳಬಹುದು. ಉಪಾಯ ಬದಲಾಗಿದೆ, ಸಂಖ್ಯೆ ಮತ್ತು ಸರತಿ ಹಾಗೇ ಇವೆ. ಕರೆಂಟು ಹೋಗಿ ಬ್ರೌಸರ್ ಮುಚ್ಚಿದರೂ ಆ ವಿಳಾಸಕ್ಕೆ ಮರಳಿದರೆ ಕೆಲಸ ಅಲ್ಲೇ ಸಿಗುತ್ತದೆ. ನಮೂನೆಯ ಪುಟ ತೆರೆದಾಗಲೇ ಸಂಖ್ಯೆ ಹುಟ್ಟುವಂತೆ ಮಾಡಿದರೆ ಎರಡು ಬಾರಿ ಒತ್ತಿದರೂ ಅದು ಒಂದೇ ಕೋರಿಕೆ ಎಂದು ಸರ್ವರಿಗೆ ತಿಳಿಯುತ್ತದೆ. ನನ್ನ ಶುಲ್ಕ ಉಳಿಯುತ್ತಿದ್ದುದು ಹೀಗೆ.

ಜೀವವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಕಣ್ಣಾರೆ ನೋಡಬಹುದು. ಅಮೆರಿಕದ ಎನ್‌ಸಿಬಿಐ ಕೇಂದ್ರದ ‘ಬ್ಲಾಸ್ಟ್’ ಸೇವೆಗೆ ಒಂದು ಡಿಎನ್‌ಎ ಸರಣಿಯನ್ನು ಕೊಟ್ಟು ನೋಡಿ. ಮೊದಲು ಸಿಗುವುದು ಕೋರಿಕೆಯ ಒಂದು ಸಂಖ್ಯೆ. ಪುಟ ಆಗಾಗ ತಾನೇ ಹೊಸದಾಗುತ್ತ ಹೋಗಿ, ಹೋಲಿಕೆ ಮುಗಿದಾಗ ಫಲಿತಾಂಶ ತೋರುತ್ತದೆ. ಆ ಸಂಖ್ಯೆ ಇಟ್ಟುಕೊಂಡರೆ ಸಂಜೆ ಮನೆಯಿಂದಲೂ ನೋಡಬಹುದು.

ಗಣಿತದ ಮೇಷ್ಟ್ರುಗಳಿಗೆ ಇನ್ನೂ ಸ್ವಾರಸ್ಯದ ಜಾಗ ಪ್ರಗತಿ ಪಟ್ಟಿ. ಶೇಕಡಾ 50 ಎಂದರೆ ಯಾವುದರ ಅರ್ಧ? 1000 ವಸ್ತುಗಳಲ್ಲಿ ಪ್ರತಿಯೊಂದನ್ನೂ ಅದರ ಹಿಂದಿನ ಎಲ್ಲದರ ಜೊತೆ ಹೋಲಿಸುವ ಲೆಕ್ಕವಿದೆ ಎನ್ನಿ. 500 ಮುಗಿದಾಗ ಪಟ್ಟಿ ಅರ್ಧಕ್ಕೆ ಬರುತ್ತದೆ, ಆದರೆ ಹೋಲಿಕೆಗಳ ಸಂಖ್ಯೆ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ನಿಜವಾಗಿ ಮುಗಿದದ್ದು ಕಾಲು ಭಾಗ. ಪಟ್ಟಿ ಮೊದಲು ಓಡಿ, ಕೊನೆಯಲ್ಲಿ ತೆವಳುತ್ತದೆ. ಗೌಸನ ವಿಧಾನದಲ್ಲಿ ಏಕಕಾಲಿಕ ಸಮೀಕರಣಗಳನ್ನು ಬಿಡಿಸುವಾಗ ಇದಕ್ಕೆ ತಿರುಗುಮುರುಗು. ಒಂದೊಂದು ಕಂಬಸಾಲು ಮುಗಿದಂತೆ ಉಳಿದ ಚೌಕ ಚಿಕ್ಕದಾಗುತ್ತದೆ. ಅರ್ಧ ಕಂಬಸಾಲುಗಳು ಮುಗಿದಾಗ ಕೆಲಸದ ಎಂಟರಲ್ಲಿ ಏಳು ಭಾಗ ಆಗಿಹೋಗಿರುತ್ತದೆ. ಕಂಬಸಾಲು ಎಣಿಸುವ ಪಟ್ಟಿ 50 ಎನ್ನುವಾಗ ಸತ್ಯ 87.5. ಎರಡೂ ಕಡೆ ಸರಿಯಾದ ಸೂತ್ರ ಹಾಕುವುದು ಒಂದು ಸಾಲಿನ ಕೆಲಸ. ಹಾಕದೆ, ಕೆಲಸಕ್ಕೆ ಸಂಬಂಧವೇ ಇಲ್ಲದಂತೆ ಗಡಿಯಾರ ನೋಡಿ 99ರವರೆಗೆ ಏರಿಸಿ ನಿಲ್ಲಿಸುವ ಪಟ್ಟಿಗಳೂ ಇವೆ. ಅವಕ್ಕಿಂತ ಮರಳುಗಡಿಯಾರವೇ ವಾಸಿ, ಅದು ಅಂಕಿಯನ್ನಾದರೂ ಹೇಳುವುದಿಲ್ಲ.

ಒಟ್ಟು ಕೆಲಸ ಎಷ್ಟೆಂದು ಮೊದಲೇ ತಿಳಿಯದ ಲೆಕ್ಕಗಳೂ ಉಂಟು. ಅಲ್ಲಿ ಶೇಕಡಾವಾರು ಬಿಟ್ಟು ಮೂರು ಸಂಗತಿ ಬರೆದರೆ ಸಾಕು: ಕೋರಿಕೆಯ ಸಂಖ್ಯೆ, ಸರತಿಯಲ್ಲಿ ಮುಂದೆ ಎಷ್ಟಿವೆ, ಮತ್ತು ಲೆಕ್ಕ ಮಾಡುವ ಕಾರ್ಯಕ್ರಮ ಕೊನೆಯ ಬಾರಿ ಕೋಷ್ಟಕದಲ್ಲಿ ಬರೆದ ಸಮಯ. ಮೂರನೆಯದನ್ನು ಅನೇಕರು ಬಿಟ್ಟುಬಿಡುತ್ತಾರೆ. ಚಕ್ರ ತಿರುಗುತ್ತಲೇ ಇದ್ದು ಆ ಸಮಯ ಮಾತ್ರ ಹತ್ತು ನಿಮಿಷದಿಂದ ಬದಲಾಗಿಲ್ಲವೆಂದರೆ, ಬಟ್ಟಲಿಗೆ ಮುತ್ತು ಬಿದ್ದಿದೆ ಎಂದು ಕಾಯುವವನಿಗೂ ಗೊತ್ತಾಗುತ್ತದೆ, ಘಾಟಬೋರಾಳದ ಕೊನೆಯ ಬಸ್ಸು ತಪ್ಪುವ ಮೊದಲೇ.