ಕದಂಬ, ಕಳಂಬ, ಕದಂ

ಪುಣೆಗೆ ಬಂದು ಹದಿನೇಳು ವರ್ಷವಾಯಿತು. ಹಿಂಜವಡಿಯ ಆಫೀಸಿನಲ್ಲಿ ಹೊಸಬರು ಯಾರೇ ಸಿಕ್ಕರೂ ನನ್ನ ಕೊರಳಲ್ಲಿ ನೇತಾಡುವ ಐಡಿ ಕಾರ್ಡ್ ನೋಡಿ ನೇರವಾಗಿ ಮರಾಠಿಯಲ್ಲೇ ಮಾತು ಶುರು ಮಾಡುತ್ತಾರೆ. 'ಕದಂ' ಅಂದಮೇಲೆ ಇನ್ನೇನು ಅನುಮಾನ? ಆದರೆ ಎರಡನೇ ವಾಕ್ಯಕ್ಕೇ ನನ್ನ ಮರಾಠಿಯ ಬಣ್ಣ ಬಯಲಾಗುತ್ತದೆ. "ತುಮ್ಚಂ ಗಾವ್ ಕುಠಲಂ?" ಎಂಬ ಪ್ರಶ್ನೆ ಬರುತ್ತದೆ. ಧಾರವಾಡ ಜಿಲ್ಲೆ, ಕಲಘಟಗಿ ಹತ್ತಿರದ ಹಳ್ಳಿ ಅನ್ನುತ್ತೇನೆ. "ಅರೇ, ಮ್ಹಣಜೇ ಕಾನಡೀ!" ಎಂದು ನಗುತ್ತಾರೆ.

ಧಾರವಾಡದಲ್ಲಿ ಓದುವಾಗ ಇದರ ಉಲ್ಟಾ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಕನ್ನಡವೇ. ಆದರೂ ಬೆಳಗಾವಿಯ ಗಡಿ ಗಲಾಟೆ ಪೇಪರಿನಲ್ಲಿ ಬಂದಾಗಲೆಲ್ಲ ಹಾಸ್ಟೆಲ್ಲಿನ ಗೆಳೆಯರು ಕಾಡುತ್ತಿದ್ದರು: "ಏನಲೇ ಕದಂ, ನೀ ಯಾ ಕಡಿ?" ಚೇಷ್ಟೆಯೇ, ಒಪ್ಪುತ್ತೇನೆ. ಆದರೆ ಆ ಪ್ರಶ್ನೆಯನ್ನು ಪಾಟೀಲನಿಗೋ ಅಂಗಡಿಗೋ ಯಾರೂ ಕೇಳುತ್ತಿರಲಿಲ್ಲ.

ಹೋದ ವರ್ಷ ಒಂಬತ್ತನೇ ಇಯತ್ತೆಯ ನನ್ನ ಮಗನಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರುವ ಪ್ರಾಜೆಕ್ಟ್ ಕೊಟ್ಟರು. "ಪಪ್ಪಾ, ಕದಂ ಅಂದ್ರ ಎಲ್ಲಿಂದ ಬಂತು? ನಾವು ಯಾರು?" ಎಂದ. ನಾನು ಹಿಂದೆಮುಂದೆ ನೋಡದೆ, "ಬನವಾಸಿ ಕದಂಬರು ನಾವು, ಕನ್ನಡದ ಮೊದಲನೇ ರಾಜರು" ಅಂದುಬಿಟ್ಟೆ. ಅವನು ಪೆನ್ಸಿಲ್ ಹಿಡಿದುಕೊಂಡು, "ಪ್ರೂಫ್ ಏನು?" ಎಂದು ಕೇಳಿದ. ಪ್ರಾಜೆಕ್ಟ್ ಮ್ಯಾನೇಜರನ ಮಗ ಇನ್ನೇನು ಕೇಳಿಯಾನು!

ಹೀಗೆ ನನ್ನ ರೂಟ್ ಕಾಸ್ ಅನಾಲಿಸಿಸ್ ಶುರುವಾಯಿತು.

ಮೊದಲು ಬನವಾಸಿಯವರ ಹೆಸರು ಹೇಗೆ ಬಂತು ನೋಡೋಣ. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಲ್ಲುಕಂಬವಿದೆ. ಐದನೆಯ ಶತಮಾನದಲ್ಲಿ, ಶಾಂತಿವರ್ಮನ ಕಾಲಕ್ಕೆ, ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಶಾಸನ ಅದರ ಮೇಲಿದೆ. ಅದರ ಪ್ರಕಾರ ಇವರು ಮಾನವ್ಯ ಗೋತ್ರದ ಬ್ರಾಹ್ಮಣರು. ಮನೆಯ ಹತ್ತಿರ ಒಂದು ಕದಂಬದ ಮರವಿತ್ತು, ಅದರಿಂದ ಕುಲಕ್ಕೆ ಆ ಹೆಸರಾಯಿತು. ಆ ಮನೆಯ ಮಯೂರಶರ್ಮ ಅಜ್ಜ ವೀರಶರ್ಮನ ಜೊತೆ ಓದಲು ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ. ಸುಮಾರು 345ರ ಹೊತ್ತಿಗೆ ಬನವಾಸಿಯ ಅರಸುತನ ಶುರುವಾಯಿತು. ಮುಂದಿನವರು 'ಶರ್ಮ' ಬಿಟ್ಟು 'ವರ್ಮ' ಆದರು.

ಕತೆ ಇಲ್ಲಿಗೇ ನಿಲ್ಲುವುದಿಲ್ಲ. ಹತ್ತನೆಯ ಶತಮಾನದ ನಂತರ ಹಾನಗಲ್ಲಿನಲ್ಲೂ ಗೋವೆಯಲ್ಲೂ ಮತ್ತೆ ಕದಂಬರೆಂಬ ಅರಸರು ಕಾಣಿಸಿಕೊಳ್ಳುತ್ತಾರೆ. ಕಿತ್ತೂರಿನ ಹತ್ತಿರ ದೇಗಾಂವಿಯ ಕಮಲನಾರಾಯಣ ಗುಡಿ ಕಟ್ಟಿಸಿದ ಕಮಲಾದೇವಿ ಗೋವೆ ಕದಂಬರ ರಾಣಿ. ಈಗಲೂ ಗೋವಾದ ಸರಕಾರಿ ಬಸ್ಸಿನ ಹೆಸರು ಕದಂಬ, ಕಾರವಾರದ ನೌಕಾನೆಲೆಯ ಹೆಸರೂ ಕದಂಬ. ಆದರೆ ಗೋವೆ ಕದಂಬರ ಶಾಸನಗಳಲ್ಲಿ ಮೂಲಪುರುಷ ಮಯೂರಶರ್ಮನಲ್ಲ. ಶಿವನ ಬೆವರಿನ ಹನಿ ಕದಂಬದ ಬುಡಕ್ಕೆ ಬಿದ್ದು ಹುಟ್ಟಿದ, ಮೂರು ಕಣ್ಣಿನ ತ್ರಿಲೋಚನ ಕದಂಬ. ಮನೆ ಪಕ್ಕದ ಮರ ಐದಾರು ನೂರು ವರ್ಷದಲ್ಲಿ ದೇವರ ಬೆವರು ಕುಡಿದ ಮರವಾಗಿತ್ತು. ಮಗನಿಗೆ ನಾನು ಹೇಳಿದ್ದು ಆ ಸಾಲಿನ ಇನ್ನೊಂದು ಕತೆ ಅಷ್ಟೇ ಇರಬಹುದೇ ಎಂಬ ಅನುಮಾನ ಆಗಲೇ ಹತ್ತಿತು.

ಇನ್ನು ಅಡ್ಡಹೆಸರು. ಮರಾಠರ ತೊಂಬತ್ತಾರು ಕುಳಿಗಳಲ್ಲಿ ಕದಂ ಒಂದು. ಚಾಲುಕ್ಯರಿಂದ ಚಾಳಕೆ, ಶಿಲಾಹಾರರಿಂದ ಶೇಲಾರ, ಯಾದವರಿಂದ ಜಾಧವ, ಮೌರ್ಯರಿಂದ ಮೋರೆ, ಕದಂಬರಿಂದ ಕದಂ ಎಂದು ಇಲ್ಲಿನ ಇತಿಹಾಸ ಪುಸ್ತಕಗಳು ಹೇಳುತ್ತ ಬಂದಿವೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಚಾಲುಕ್ಯ ಕೀರ್ತಿವರ್ಮನನ್ನು ನಳ, ಮೌರ್ಯ, ಕದಂಬರಿಗೆ ಕಾಳರಾತ್ರಿಯಾದವನು ಎಂದು ಹೊಗಳಿದ್ದಾನೆ. ಆ ಮೌರ್ಯರು ಕೊಂಕಣದವರು. ನನ್ನ ಟೀಮಿನಲ್ಲಿ ಒಬ್ಬ ಮೋರೆ ಇದ್ದಾನೆ. ಸಾವಿರದ ನಾನೂರು ವರ್ಷದ ಹಿಂದೆ ಒಂದೇ ಕಡೆ ಸೋತ ಇಬ್ಬರು ಈಗ ಒಂದೇ ಡೆಡ್‌ಲೈನಿಗೆ ಸೋಲುತ್ತಿದ್ದೇವೆ ಎಂದು ಅವನಿಗೆ ಹೇಳಿ ನಗಿಸಿದೆ.

ಇದು ಬರೀ ನಗುವ ಮಾತಲ್ಲ. ಪುಣೆಯ ಸಂಶೋಧಕ ರಾ. ಚಿಂ. ಢೇರೆ ಅವರು ಶಿಖರ ಶಿಂಗಣಾಪುರದ ಶಂಭು ಮಹಾದೇವನ ಮೇಲೆ ಬರೆದ ಪುಸ್ತಕದಲ್ಲಿ ಭೋಸಲೆ ಮನೆತನದ ಬೇರನ್ನು ಗದಗ ಜಿಲ್ಲೆಯ ಸೊರಟೂರಿನವರೆಗೆ ಹಿಡಿದುಕೊಂಡು ಹೋದರು. 1674ರ ಪಟ್ಟಾಭಿಷೇಕದ ಹೊತ್ತಿಗೆ ಗಾಗಾಭಟ್ಟರು ಒಪ್ಪಿದ್ದು ಮೇವಾಡದ ಸಿಸೋದಿಯಾ ವಂಶಾವಳಿಯನ್ನು. ಒಂದೇ ಮನೆತನಕ್ಕೆ ಉತ್ತರದಲ್ಲೊಂದು, ದಕ್ಷಿಣದಲ್ಲೊಂದು ಬೇರು. ನಮ್ಮ ಶಂಬಾ ಜೋಶಿಯವರು ಇದಕ್ಕೂ ಮೊದಲೇ ಮರಾಠಿ ಸಂಸ್ಕೃತಿಯ ತಳದಲ್ಲಿ ಕನ್ನಡವಿದೆ ಎಂದು ಮರಾಠಿಯಲ್ಲೇ ಪುಸ್ತಕ ಬರೆದಿದ್ದರು.

ಆದರೆ ಹೆಸರಿನ ಸಪ್ಪಳ ಹೊಂದಿತು ಎಂದಮಾತ್ರಕ್ಕೆ ರಕ್ತ ಹೊಂದೀತೇ? ಮರಾಠಿಯಲ್ಲಿ ಆ ಮರಕ್ಕೆ 'ಕಳಂಬ' ಎನ್ನುತ್ತಾರೆ. ಇಲ್ಲಿ ಮದುವೆಯಲ್ಲಿ 'ದೇವಕ' ಕೂರಿಸುವ ಪದ್ಧತಿಯಿದೆ. ಮರದ ಟೊಂಗೆಯೋ ನವಿಲುಗರಿಯೋ ಮತ್ತೊಂದೋ ಆ ಕುಳಿಯ ಗುರುತು, ಒಂದೇ ದೇವಕದವರಲ್ಲಿ ಮದುವೆಯಾಗುವುದಿಲ್ಲ. ಮರವನ್ನು ಗುರುತಾಗಿ ಪೂಜಿಸಿದ ಯಾವ ಕುಲವಾದರೂ ಆ ಮರದ ಹೆಸರು ಹೊತ್ತಿರಬಹುದು. ಅದಕ್ಕೆ ಬನವಾಸಿಯ ಅರಮನೆಯೇ ಬೇಕೆಂದಿಲ್ಲ.

ಇಂಜಿನಿಯರಿಗೆ ಅಂಕಿಯಿಲ್ಲದೆ ಸಮಾಧಾನವಿಲ್ಲ. ಒಂದು ಕಂಪನಿಗೆ ದುಡ್ಡು ಕಟ್ಟಿ, ನಳಿಕೆಯಲ್ಲಿ ಎಂಜಲು ತುಂಬಿ ಕೊರಿಯರ್ ಮಾಡಿದೆ. ಈ ಹುಚ್ಚು ಹತ್ತಿದ್ದು ಐರ್ಲೆಂಡಿನ ಉದಾಹರಣೆಯಿಂದ. ಅಲ್ಲಿ 'ಮ್ಯಾಕ್' ಅಂದರೆ ಮಗ, 'ಓ' ಅಂದರೆ ಮೊಮ್ಮಗ. ಹತ್ತು-ಹನ್ನೊಂದನೆಯ ಶತಮಾನದಿಂದಲೇ ಗೇಲಿಕ್ ಅಡ್ಡಹೆಸರುಗಳು ಅಪ್ಪನಿಂದ ಮಗನಿಗೆ ಇಳಿದು ಬಂದಿವೆ. ವೈ ಕ್ರೋಮೋಸೋಮೂ ಹಾಗೇ ಅಪ್ಪನಿಂದ ಮಗನಿಗೆ ಮಾತ್ರ, ಹೆಚ್ಚುಕಡಿಮೆ ಬದಲಾಗದೆ ಇಳಿಯುತ್ತದೆ. ಅಂದರೆ ಹೆಸರೂ ವೈ ಕ್ರೋಮೋಸೋಮೂ ಒಂದೇ ದಾರಿಯಲ್ಲಿ ನಡೆಯಬೇಕು. 2006ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರು ಪರೀಕ್ಷಿಸಿದಾಗ, ವಾಯವ್ಯ ಐರ್ಲೆಂಡಿನ ಗಂಡಸರಲ್ಲಿ ಸುಮಾರು ಐವರಿಗೊಬ್ಬರ ವೈ ಒಂದೇ ನಮೂನೆಯದಾಗಿತ್ತು. ಐದನೆಯ ಶತಮಾನದ ನಿಯಾಲ್ ಎಂಬ ರಾಜನ ಸಂತತಿ ಎಂದು ಹೇಳಿಕೊಳ್ಳುವ ಅಡ್ಡಹೆಸರಿನವರಲ್ಲಿ ಅದು ಇನ್ನೂ ಹೆಚ್ಚು. ಪತ್ರಿಕೆಗಳು ಹಬ್ಬ ಮಾಡಿದವು. ಆಮೇಲಿನ ಲೆಕ್ಕದಲ್ಲಿ ಆ ಗುರುತು ನಿಯಾಲನಿಗಿಂತ ಬಹಳ ಹಳೆಯದೆಂದು ಕಂಡುಬಂತು. ಅದನ್ನು ಹೊತ್ತವರೆಲ್ಲ ರಾಜನ ಮಕ್ಕಳಾಗಬೇಕಿಲ್ಲ, ರಾಜನ ಅಕ್ಕಪಕ್ಕದವರೂ ಆಗಬಹುದು.

ನನ್ನ ರಿಪೋರ್ಟ್ ಬಂತು. ವೈ ಗುಂಪು 'ಎಚ್'. ಭಾರತದ ಮೂಲೆಮೂಲೆಯಲ್ಲಿ, ಜಾತಿ ಬುಡಕಟ್ಟುಗಳ ಭೇದವಿಲ್ಲದೆ ಕಾಣುವ ಗುಂಪು. ಬನವಾಸಿಗಿಂತ, ಕನ್ನಡಕ್ಕಿಂತ, ಬೇಸಾಯಕ್ಕಿಂತಲೂ ಹಳೆಯದು. ಅದು ಮಯೂರಶರ್ಮನದೇ ಎನ್ನಲು ಹೋಲಿಸಿ ನೋಡಬೇಕಲ್ಲ? ಸುಟ್ಟು ಬೂದಿಯಾದ ಅರಸನ ಎಲುಬು ಎಲ್ಲಿಂದ ತರುವುದು?

ಇನ್ನೊಂದು ಲೆಕ್ಕ ಹಾಕಿದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನನಗೆ 1024 ಪೂರ್ವಜರ ಜಾಗಗಳು. ಅದರಲ್ಲಿ ವೈ ಕೊಟ್ಟವನು ಒಬ್ಬನೇ. ಮಯೂರಶರ್ಮನವರೆಗೆ ಸುಮಾರು ಅರವತ್ತು ತಲೆಮಾರು. ಎರಡನ್ನು ಅರವತ್ತು ಸಲ ಗುಣಿಸಿದರೆ ಬರುವ ಸಂಖ್ಯೆಯಷ್ಟು ಮನುಷ್ಯರು ಭೂಮಿಯ ಮೇಲೆ ಎಂದೂ ಇರಲಿಲ್ಲ. ಅಂದರೆ ಅವೇ ಮನುಷ್ಯರು ಮತ್ತೆಮತ್ತೆ ಆ ಜಾಗಗಳಲ್ಲಿ ಕೂತಿದ್ದಾರೆ. ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡಿನವರು 2013ರಲ್ಲಿ ತೋರಿಸಿದಂತೆ, ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ಭಾರತದಲ್ಲಿ ದೊಡ್ಡ ಬೆರಕೆ ನಡೆದಿತ್ತು, ಆಮೇಲೆ ಜಾತಿಯೊಳಗಿನ ಮದುವೆ ಗಟ್ಟಿಯಾಗುತ್ತ ಬಂತು. ಬನವಾಸಿಯ ರಕ್ತ ನನ್ನಲ್ಲಿ ಎಲ್ಲೋ ಒಂದು ಹನಿ ಇದ್ದರೂ ಅದು 'ಕದಂ' ಎಂಬ ಹೆಸರಿನ ಜೊತೆಗೇ ಬಂದಿರಬೇಕಿಲ್ಲ. ಹಾನಗಲ್ಲ ತಾಲೂಕಿನಿಂದ ಬಂದ ನನ್ನ ಅವ್ವನ ಕಡೆಯಿಂದ ಬಂದಿದ್ದರೂ ಬಂದಿರಬಹುದು.

ನಮ್ಮ ರಾತ್ರಿ ಪಾಳಿಯ ಕ್ಯಾಬ್ ಓಡಿಸುವವರಲ್ಲಿ ಒಬ್ಬರು ಕದಂ ಇದ್ದಾರೆ. ಸೊಲ್ಲಾಪುರ ಜಿಲ್ಲೆಯವರು, ನನಗಿಂತ ಹಿರಿಯರು, ನಾನು 'ಕಾಕಾ' ಅನ್ನುತ್ತೇನೆ. ಡ್ಯಾಶ್‌ಬೋರ್ಡಿನ ಮೇಲೆ ಬಾಬಾಸಾಹೇಬರ ಚಿಕ್ಕ ಫೋಟೋ. ಒಂದು ರಾತ್ರಿ ವಾಕಡದ ಸಿಗ್ನಲ್ಲಿನಲ್ಲಿ ನಿಂತಾಗ ಉತ್ಸಾಹದಿಂದ ಇದೆಲ್ಲ ಹೇಳಿದೆ. ಕೇಳಿಸಿಕೊಂಡು ಕನ್ನಡದಲ್ಲೇ, "ಹಂಗಾರ ಸಾಹೇಬ್ರ, ನಿಮ್ಮ ರಾಜಾ ನಮಗೂ ಮುತ್ತ್ಯಾ ಆಗ್ಬೇಕಲ್ಲರೀ?" ಅಂದರು. ನಗುತ್ತಲೇ ಕೇಳಿದರು. ನನಗೆ ತಕ್ಷಣ ಹೌದೆನ್ನಲು ಆಗಲಿಲ್ಲ.

ಆ ಎರಡು ಸೆಕೆಂಡಿನ ಮೌನವೇ ನನ್ನನ್ನು ಈ ಲೇಖನ ಬರೆಯಲು ಕೂರಿಸಿದ್ದು. ಯಾಕೆ ಆಗಲಿಲ್ಲ? ನನ್ನ ಬಳಿ ಇದ್ದ ಸಾಕ್ಷಿಯಷ್ಟೇ ಅವರ ಬಳಿಯೂ ಇತ್ತು: ಒಂದು ಅಡ್ಡಹೆಸರು. ಅದೇ ಸಾಕ್ಷಿಯಿಂದ ನಾನು ಬನವಾಸಿಗೆ ಹೋಗಬಹುದು, ಅವರು ಹೋಗಬಾರದು ಎಂದು ನನ್ನೊಳಗೆ ಯಾರೋ ತೀರ್ಮಾನ ಮಾಡಿ ಇಟ್ಟಿದ್ದರು. "ನೀ ಯಾ ಕಡಿ" ಎಂದು ಕೇಳಿಸಿಕೊಂಡು ಬೆಳೆದವನಿಗೆ ಇದು ಹೊಳೆಯಲು ಇಷ್ಟು ವರ್ಷ ಬೇಕಾಯಿತು. ಗಾಡಿ ಮನೆ ಮುಂದೆ ನಿಂತಾಗ, "ಹೌದ್ರಿ ಕಾಕಾ, ನನಗ ಮುತ್ತ್ಯಾ ಆದ್ರ ನಿಮಗೂ ಮುತ್ತ್ಯಾನ" ಅಂದೆ. "ತಡಾ ಮಾಡಿ ಹೇಳಿದ್ರಿ" ಎಂದು ಗೇರ್ ಹಾಕಿದರು.

ಮಗನಿಗೆ, ಪ್ರೂಫ್ ಸಿಗಲಿಲ್ಲ ಎಂದು ಒಪ್ಪಿಕೊಂಡೆ. ಅಪ್ಪನಿಗೆ ಫೋನ್ ಹಚ್ಚಿ ಇಬ್ಬರೂ ಕೂತು ನಾಲ್ಕು ತಲೆಮಾರಿನ ಹೆಸರು ಬರೆದುಕೊಂಡೆವು. ಗಂಡಸರ ಹೆಸರು ಅಪ್ಪ ಪಟಪಟ ಹೇಳಿದರು. ಅವರ ಅಜ್ಜಿಯ ಹೆಸರು ಕೇಳಿದಾಗ ತಡವರಿಸಿದರು. "ಎಲ್ಲಾರೂ ಆಯಿ ಅಂತಿದ್ವಿ, ಹೆಸರ ಯಾರ್ ಕೇಳ್ಯಾರ?" ಪಕ್ಕದಿಂದ ಅವ್ವ ಕೂಗಿ ಹೇಳಿದಳು, ತವರೂರಿನ ಸಮೇತ. ಮಗ ಅದನ್ನು ಬರೆದುಕೊಂಡು, ಕದಂಬದ ದುಂಡು ಹಳದಿ ಹೂವಿನ ಮರವೊಂದನ್ನು ಬಿಡಿಸಿದ. ಮೇಲೆ ರಾಜನ ಹೆಸರಿಗೆಂದು ಬಿಟ್ಟಿದ್ದ ಜಾಗ ಖಾಲಿಯೇ ಉಳಿಯಿತು.